ತಡೀರಿ ಅತ್ತಿ

ಬೀಗ ಹಾಕಿದ್ದ ಮನೆಯ ಬಾಗಿಲು ತೆರೆದ ಕೂಡಲೇ ಒಳಗೆ ಕಾಲಿಡುವುದು ನನ್ನಿಂದ ಆಗದ ಕೆಲಸ. ಪರವೂರಿನ ಮದುವೆ ಮುಂಜಿ ಮುಗಿಸಿ, ಬ್ರಹ್ಮಪುರದ ನಮ್ಮ ಮನೆಗೆ ಮರಳಿ, ಬೀಗ ತೆಗೆದು, ಬಾಗಿಲ ಎರಡೂ ರೆಕ್ಕೆಗಳನ್ನು ಗೋಡೆಗೆ ಹತ್ತುವಂತೆ ತಳ್ಳಿ, ಒಳಗಿನ ಗಾಳಿಗೆ 'ಮೊದಲು ತಾವು ದಯಮಾಡಿಸಿ' ಎನ್ನುವ ದ್ವಾರಪಾಲಕನ ಹಾಗೆ ನಾನು ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ಕೈಯಲ್ಲಿ ಚೀಲ, ನೆತ್ತಿಯ ಮೇಲೆ ಕಲಬುರಗಿಯ ಬಿಸಿಲು, ಬೆನ್ನ ಹಿಂದೆ ಹೆಂಡತಿ. ಈ ಮೂರರಲ್ಲಿ ಯಾವುದರ ತಾಪ ಹೆಚ್ಚು ಎಂಬುದನ್ನು ವಿವೇಕಿಯಾದ ಗೃಹಸ್ಥ ಬಹಿರಂಗವಾಗಿ ಚರ್ಚಿಸುವುದಿಲ್ಲ.

"ಒಳಗ ಯಾರರ ಕುಂತಾರೇನ್ರಿ, ಅವರು ಬಾ ಅಂತ ಕರೀಲಿ ಅಂತ ನಿಂತೀರೇನು?" ಎಂದು ಗಿರಿಜಾ ಕೇಳುತ್ತಾಳೆ. ಮದುವೆಯಾದ ಹೊಸದರಲ್ಲಿ ಇದನ್ನು ನಗುತ್ತ ಕೇಳುತ್ತಿದ್ದಳು; ಈಗ ಚೀಲ ಕೆಳಗಿಡುತ್ತ ಕೇಳುತ್ತಾಳೆ. ನೆರೆಹೊರೆಯವರು ಮಾತ್ರ ನಾನು ಶಕುನ ನೋಡುತ್ತೇನೆಂದು ತಿಳಿದಿದ್ದಾರೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಸಮಾಜದಲ್ಲಿ ಇಷ್ಟಾದರೂ ನಿಗೂಢತೆ ಉಳಿದಿರಲಿ ಎಂದು ನಾನು ಆ ತಪ್ಪು ತಿಳಿವಳಿಕೆಯನ್ನು ತಿದ್ದಲು ಹೋಗಿಲ್ಲ.

ಇದು ಶಕುನವಲ್ಲ, ಸಂಸ್ಕಾರ. ಕಮಲಾಪುರದ ನನ್ನ ಸೋದರಮಾವನ ಹೆಂಡತಿ ಶರಣಮ್ಮತ್ತಿ ಎಳವೆಯಲ್ಲಿಯೇ ನನ್ನ ಕಾಲಿಗೆ ಕಟ್ಟಿದ ಅದೃಶ್ಯವಾದ ಕಾಲ್ಕಡಗ. ಮುಚ್ಚಿಟ್ಟ ಯಾವುದನ್ನೇ ತೆರೆಯಲಿ, ಕೋಣೆಯೋ ಕಣಜವೋ ಸ್ನಾನದ ಮನೆಯೋ, ಆಕೆಯ ಬಾಯಿಂದ ಬರುವ ಮೊದಲ ಮಾತು 'ತಡೀರಿ' ಎಂಬುದೇ ಆಗಿತ್ತು. ಹೀಗಾಗಿ ಬಂಧುವರ್ಗದಲ್ಲಿ ಆಕೆಯ ಹೆಸರು ತಡೀರಿ ಅತ್ತಿ ಎಂದೇ ಬಿದ್ದುಹೋಯಿತು. ನಮ್ಮಪ್ಪನಂತೂ, "ನಿಮ್ಮ ಅಣ್ಣನ ಮದುವ್ಯಾಗ ಅಕ್ಷತಾ ಬೀಳೂ ಮುಂದ ಅಕಿ ತಡೀರಿ ಅಂದಿಲ್ಲ ಅನ್ನೂದ ದೊಡ್ಡ ಪುಣ್ಯ" ಎಂದು ಅವ್ವನನ್ನು ಕೆಣಕುತ್ತಿದ್ದರು.

ಆ ದಿನಗಳಲ್ಲಿ ಬೇಸಿಗೆಯ ರಜೆ ಎಂದರೆ ಕಮಲಾಪುರ. ಕೋಟೆಯ ಹತ್ತಿರದ ಓಣಿಯಲ್ಲಿ ಬಾಡಿಗೆಗಿದ್ದ ನಮಗೆ, ಹುಮನಾಬಾದ ರಸ್ತೆಯ ಬಸ್ಸು ಹತ್ತಿ ಊರು ದಾಟಿದೊಡನೆ ಗಾಳಿಯೇ ಬೇರೆಯಾದಂತೆ ಅನಿಸುತ್ತಿತ್ತು. ಬಿಸಿಲು ಅದೇ ಬಿಸಿಲು, ಧೂಳು ಅದೇ ಧೂಳು. ಆದರೆ ರಜೆಯ ಧೂಳಿಗೆ ಒಂದು ಪರಿಮಳವಿರುತ್ತದೆ. ಬಸ್ಸು ನಿಲ್ಲುತ್ತಲೇ ಬುಟ್ಟಿ ಹೊತ್ತ ಹೆಂಗಸರು ಕಿಟಕಿಗೆ ಮುತ್ತಿ ಕಮಲಾಪುರದ ಕೆಂಪು ಬಾಳೆಹಣ್ಣನ್ನು ನಮ್ಮ ಮೂಗಿನ ತನಕ ಹಿಡಿಯುತ್ತಿದ್ದರು. ಆ ಹಣ್ಣಿನ ತೊಗಟೆಯ ಬಣ್ಣ ಮತ್ತು ಮಾವನ ರುಮಾಲಿನ ಬಣ್ಣ ಒಂದೇ ಆಗಿದ್ದರಿಂದ, ಗುಂಪಿನಲ್ಲಿ ಮಾವನನ್ನು ಹುಡುಕುವಾಗ ನಾನು ಎಷ್ಟೋ ಸಲ ಬಾಳೆಗೊನೆಯ ಕಡೆಗೆ ಕೈಬೀಸಿದ್ದುಂಟು.

ಮಾವ ಚಂದ್ರಶೇಖರಪ್ಪ ದೊಡ್ಡ ದನಿಯ, ಸಣ್ಣ ತಾಳ್ಮೆಯ ಮನುಷ್ಯರು. ಅತ್ತಿ ಸಣ್ಣ ದನಿಯವಳು. ತಾಳ್ಮೆ ಮಾತ್ರ ಮನೆಮಂದಿಗೆಲ್ಲ ಹಂಚಿದರೂ ಮಿಗುವಷ್ಟು. ಅವಸರವೇ ಆಕಾರ ತಳೆದಂತಿದ್ದ ಗಂಡನಿಗೆ ತಡೆಯೇ ಮೂರ್ತಿವೆತ್ತಂತಿದ್ದ ಹೆಂಡತಿ. ಮಾವ ಚಕ್ಕಡಿ ಹೂಡಿದರೆ ಅತ್ತಿ ಕೀಲು ನೋಡುತ್ತಿದ್ದಳು. ಮಾವ ತೊಗರಿಗೆ ಔಷಧ ಹೊಡೆಯಲು ಹೊರಟರೆ ಅತ್ತಿ ಬಾಗಿಲಲ್ಲಿ ನಿಂತು ಸೆರಗಿನ ಅಂಚನ್ನು ಎತ್ತಿ ಹಿಡಿದು, ಅದು ಯಾವ ಕಡೆಗೆ ಹಾರುತ್ತದೆ ಎಂಬುದನ್ನು ನೋಡಿ, "ಇವತ್ತ ಗಾಳಿ ನಿಮ್ಮ ಮಾರಿಗೇ ಬರತದ. ತಡೀರಿ, ಮುಂಜಾನಿ ಹೋಗ್ರಿ" ಎನ್ನುತ್ತಿದ್ದಳು. ಚಳಿಗಾಲದಲ್ಲಿ ಯಾರಾದರೂ ಕೆಂಡದ ಬುಟ್ಟಿಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿದರೆ, ಆ ಸೌಮ್ಯ ಹೆಂಗಸು ಬಾಗಿಲನ್ನು ಒದ್ದು ತೆರೆಯುವುದಕ್ಕೂ ಹೇಸುತ್ತಿರಲಿಲ್ಲ. ನಾವು ನಗುತ್ತಿದ್ದೆವು. ನಕ್ಕರೂ ಆಕೆ ಮಾಡುವುದನ್ನು ಮಾಡಿಯೇ ತೀರುತ್ತಿದ್ದಳು. ನಗು ಆಕೆಯ ಮಟ್ಟಿಗೆ ಗಾಳಿ ಬೆಳಕಿನಂತೆ ಮನೆಯಲ್ಲಿ ಇರಬೇಕಾದ ವಸ್ತುಗಳಲ್ಲೊಂದು.

ಆದರೆ ಎಲ್ಲ ತಡೆಗಳ ತಾಯಿಬೇರು ಇದ್ದದ್ದು ಅಂಗಳದ ಹಗೇವಿನಲ್ಲಿ. ಹಗೇವು ಎಂದರೆ ನೆಲದೊಳಗೆ ತೋಡಿದ, ಹೂಜಿಯ ಆಕಾರದ ಜೋಳದ ಗುಳಿ. ಬಾಯಿ ಮನುಷ್ಯನೊಬ್ಬ ಭುಜ ಕುಗ್ಗಿಸಿಕೊಂಡು ಇಳಿಯುವಷ್ಟು ಕಿರಿದು. ಹೊಟ್ಟೆ ಮಾತ್ರ ಆಳುದ್ದಕ್ಕಿಂತ ಆಳ. ತಳಕ್ಕೂ ಬದಿಗೂ ಒಣಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಪರ್ಸಿಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ, ಇಲಿಗೂ ಕಳ್ಳನಿಗೂ ಸುಳಿವು ಕೊಡದೆ ಧಾನ್ಯ ವರ್ಷಗಟ್ಟಲೆ ನಿದ್ದೆ ಮಾಡುತ್ತಿತ್ತು. ತೊಡಕಿರುವುದು ಈ ನಿದ್ದೆಯಲ್ಲಿಯೇ. ನಿದ್ದೆ ಮಾಡುವವರು ಉಸಿರಾಡುತ್ತಾರಲ್ಲ, ಜೋಳವೂ ಹಾಗೆಯೇ ಮೆಲ್ಲಗೆ ಉಸಿರಾಡುತ್ತ, ಒಳಗಿದ್ದ ಪ್ರಾಣವಾಯುವನ್ನು ತಿಂದು, ಭಾರವಾದ ಕೆಟ್ಟ ಗಾಳಿಯನ್ನು ತಳದಲ್ಲಿ ತುಂಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನಿಗೆ ತಾನು ಮುಳುಗುತ್ತಿದ್ದೇನೆಂದು ಗೊತ್ತಾಗುವಷ್ಟು ಪುರಸೊತ್ತೂ ಸಿಗುವುದಿಲ್ಲ. ನಿಘಂಟು ತೆರೆದರೆ 'ಹಗೆ' ಎಂಬ ಪದಕ್ಕೆ ಎರಡು ಅರ್ಥ ಸಿಗುತ್ತವೆ: ಒಂದು ಧಾನ್ಯದ ನೆಲಗುಳಿ, ಇನ್ನೊಂದು ವೈರಿ. ತರಗತಿಯಲ್ಲಿ ಇದನ್ನು ಶ್ಲೇಷಕ್ಕೆ ಉದಾಹರಣೆಯಾಗಿ ಹೇಳಿ ನಾನು ಎಷ್ಟೋ ವರ್ಷ ವಿದ್ಯಾರ್ಥಿಗಳಿಂದ ನಗು ಗಳಿಸಿದ್ದೇನೆ. ಅನ್ನವಿಟ್ಟುಕೊಂಡ ಗುಳಿಗೂ ಪ್ರಾಣ ತೆಗೆಯುವ ವೈರಿಗೂ ಒಂದೇ ಹೆಸರು ಬಂದದ್ದು ಹೇಗೆ ಎಂಬುದನ್ನು ಭಾಷಾಶಾಸ್ತ್ರಜ್ಞರು ಹೇಗೆ ಬೇಕಾದರೂ ವಿವರಿಸಲಿ. ನನ್ನ ಮಟ್ಟಿಗೆ ಅದನ್ನು ಒಂದು ಮಧ್ಯಾಹ್ನ ಕಮಲಾಪುರದ ಅಂಗಳವೇ ವಿವರಿಸಿದೆ.

ಆಗ ನಾನು ಮಾಧ್ಯಮಿಕ ಶಾಲೆಯಲ್ಲಿದ್ದೆ. ಬೇಸಿಗೆ ಮುಗಿಯುತ್ತ ಬಂದಿತ್ತು. ಹಗೇವನ್ನು ಅದಕ್ಕೆ ಕೆಲವು ದಿನ ಮೊದಲೇ ತೆರೆದು ಅರ್ಧ ಜೋಳ ತೆಗೆದು ಮತ್ತೆ ಮುಚ್ಚಿದ್ದರು. ಉಳಿದರ್ಧವನ್ನು ಅಂದು ತೆಗೆಯಬೇಕು. ಅತ್ತಿಯ ಮನೆಯಲ್ಲಿ ಇದಕ್ಕೊಂದು ಕ್ರಮವಿತ್ತು. ಹಿಂದಿನ ದಿನವೇ ಕಲ್ಲು ಸರಿಸಿ ಗಾಳಿಯಾಡಲು ಬಿಡಬೇಕು. ಉರಿಯುವ ಕಂದೀಲನ್ನು ತಳದವರೆಗೆ ಇಳಿಸಿ ಅದು ಆರದೆ ಉಳಿಯುತ್ತದೆಯೋ ನೋಡಬೇಕು. ಇಳಿಯುವವನ ಎದೆಗೆ ಹಗ್ಗ ಕಟ್ಟಿ, ತುದಿಯನ್ನು ಮೇಲಿದ್ದವರು ಹಿಡಿದಿರಬೇಕು. ಆದರೆ ಅಂದು ಮಧ್ಯಾಹ್ನ ಮೂಡಣದಲ್ಲಿ ಮೋಡ ಕಟ್ಟಿತು. ತೆರೆದ ಹಗೇವಿಗೆ ಮಳೆಯ ನೀರು ಬಿದ್ದರೆ ವರ್ಷದ ರೊಟ್ಟಿಯೇ ಕೊಳೆತಂತೆ. ಮಾವ ಬೆಳಗ್ಗೆಯಷ್ಟೇ ಕಲ್ಲು ಸರಿಸಿದ್ದರು. "ಮನ್ನೇರೆ ತಗದೀವಿ, ಅದರಾಗ ಏನು ಹೊಸಾ ಗಾಳಿ ಹುಟ್ಟತದ?" ಎಂದು ಅವಸರ ಮಾಡಿದರು.

ಇಳಿಯಲು ಬಂದವನು ಪಕ್ಕದ ಮನೆಯ ಹಣಮಂತ. ಓಣಿಯಲ್ಲಿ ಯಾರ ಹಗೇವು ತೆಗೆಯುವುದಿದ್ದರೂ ಅವನೇ ಇಳಿಯುವವನು. ಕುಸ್ತಿ ಮಾಡಿದ ಮೈ, ಸದಾ ನಗೆಚಾಟಿಕೆ. ಕಂದೀಲನ್ನು ಅರ್ಧಕ್ಕೆ ಬಿಟ್ಟರು. ಉರಿಯುತ್ತಿತ್ತು. "ತಳಕ್ಕ ಬಿಡ್ರಿ" ಎಂದಳು ಅತ್ತಿ. ಅಷ್ಟರಲ್ಲಿ ಗುಡುಗು ಕೇಳಿಸಿ ಮಾವ ಕಂದೀಲನ್ನು ಮೇಲೆಳೆದುಕೊಂಡೇಬಿಟ್ಟರು. ಒಂದರಲ್ಲಿ ಸೋತ ಅತ್ತಿ ಇನ್ನೊಂದರಲ್ಲಿ ಸೋಲಲು ಒಪ್ಪಲಿಲ್ಲ. ದನದ ಕೊಟ್ಟಿಗೆಯಿಂದ ಸೇದುವ ಹಗ್ಗ ತಂದು ಹಣಮಂತನ ಎದೆಯ ಸುತ್ತ, ತೋಳಿನ ಕೆಳಗೆ ತಾನೇ ಬಿಗಿದಳು.

"ಯವ್ವಾ, ನಾ ಏನ್ ಎಮ್ಮಿ ಅದೀನೇನ್ರಿ, ಹಿಂಗ ಕಟ್ಲಾಕತ್ತೀರಿ?" ಎಂದು ಅವನು ನಕ್ಕ.

"ಎಮ್ಮಿಗಿಂತ ದಪ್ಪ ಅದೀದಿ. ಕೈ ಎತ್ತು" ಎಂದು ಆಕೆ ಇನ್ನೊಂದು ಗಂಟು ಹಾಕಿದಳು.

ಅವನು ಇಳಿದ. ಮೊದಲ ಬುಟ್ಟಿ ಬಂತು, ಎರಡನೆಯದೂ ಬಂತು. ಒಳಗಿನಿಂದ ಏನೋ ಹಾಡು ಕೇಳುತ್ತಿತ್ತು. ಆಮೇಲೆ ಹಾಡು ಕೇಳಲಿಲ್ಲ. ಮಾವ ಬಗ್ಗಿ, "ಹಣಮ್ಯಾ" ಎಂದರು. ಮತ್ತೊಮ್ಮೆ ಕೂಗಿದರು. ಒಳಗೆ ಜೋಳ ಸರಿದ ಸದ್ದು ಮಾತ್ರ.

ಮಾವನ ಮುಖದಲ್ಲಿ ನಾನು ಅಂದು ಕಂಡದ್ದು ಭಯವಲ್ಲ, ಭಯಕ್ಕೂ ಮೊದಲೇ ಮೈಯಲ್ಲಿ ಏಳುವ ಮತ್ತೇನೋ. ಹೆಗಲ ಮೇಲಿನ ವಸ್ತ್ರ ಎಸೆದು, ಒಂದು ಕಾಲನ್ನು ಹಗೇವಿನ ಬಾಯಿಗೆ ಇಟ್ಟೇಬಿಟ್ಟರು. ಓಣಿಯ ಮಂದಿಯೆಲ್ಲ ನೋಡುತ್ತಿದ್ದಂತೆ ಅತ್ತಿ ಹಿಂದಿನಿಂದ ಗಂಡನ ಸೊಂಟವನ್ನು ಎರಡೂ ತೋಳಿನಿಂದ ಬಳಸಿ ನೆಲಕ್ಕೆ ಕೂತುಬಿಟ್ಟಳು. ಗಂಡನ ಹೆಸರು ಹೇಳದ, ಹಿರಿಯರ ಮುಂದೆ ಗಂಡನಿಗೆ ಎದುರು ನಿಲ್ಲದ ಹೆಂಗಸು.

"ಬಿಡು ನನ್ನ. ಅಂವ ಸಾಯ್ತಾನ."

"ನೀವು ಇಳದ್ರ ಇಬ್ಬರು ಸಾಯ್ತೀರಿ. ತಡೀರಿ. ಹಗ್ಗ ಹಿಡೀರಿ. ಎಲ್ಲಾರೂ ಹಗ್ಗ ಹಿಡೀರಿ."

ಸಣ್ಣ ದನಿ ಅಂದೂ ದೊಡ್ಡದಾಗಲಿಲ್ಲ. ಆದರೆ ಅದರಲ್ಲಿ ಏನಿತ್ತೋ, ಮಾವ ಕಾಲು ಹಿಂದೆಗೆದು ಹಗ್ಗಕ್ಕೆ ಕೈ ಹಾಕಿದರು. ಸುತ್ತಲಿದ್ದವರೂ ಹಾಕಿದರು, ನಾನೂ ತುದಿಯನ್ನು ಹಿಡಿದಿದ್ದೆ. ಎಳೆದರು. ದೇಹ ಹಗೇವಿನ ಕತ್ತಿನ ಹತ್ತಿರ ಬಂದು ಸಿಕ್ಕಿಕೊಂಡಿತು. ಮತ್ತೆ ಮಾವನ ಕಾಲು ಚಡಪಡಿಸಿತು. ಅತ್ತಿ ನೆಲಕ್ಕೆ ಮಲಗಿ, ಬಾಯಿಯೊಳಗೆ ಕೈಯಷ್ಟೇ ಇಳಿಬಿಟ್ಟು, ಹಣಮಂತನ ಕೂದಲನ್ನೋ ಅಂಗಿಯನ್ನೋ ತಡಕಿ, "ತುಸು ಸಡ್ಲ ಬಿಡ್ರಿ, ಭುಜ ತಿರಗಲಿ. ಹ್ಞಾಂ, ಈಗ" ಎಂದಳು. ಹಣಮಂತ ಮೇಲೆ ಬಂದ. ತುಟಿ ನೇರಳೆಯಾಗಿತ್ತು, ಮೈ ತುಂಬ ಜೋಳದ ಹೊಟ್ಟು. ಗಾಳಿಗೆ ಮುಖವಿಟ್ಟು ಮಲಗಿಸಿ ಸುತ್ತ ನೆರೆದವರನ್ನು ಅತ್ತಿ ದೂರ ಅಟ್ಟಿದಳು. ಸ್ವಲ್ಪ ಹೊತ್ತಿಗೆ ಅವನ ಎದೆ ಒಮ್ಮೆ ದೊಡ್ಡದಾಗಿ ಏರಿತು. ಅಷ್ಟರಲ್ಲಿ ಮಳೆಯೂ ಬಂತು. ಹಗೇವಿನ ಬಾಯಿ ಮುಚ್ಚಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ಯಾರದೋ ಜೀಪಿನಲ್ಲಿ ಅವನನ್ನು ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ದರು. ಕೆಲವು ದಿನಗಳಲ್ಲಿ ನಡೆದಾಡಿಕೊಂಡು ಹಿಂದಿರುಗಿದ. ಬಂದವನೇ ಅತ್ತಿಯ ಮುಂದೆ ಕೂತು, "ಎಮ್ಮಿ ಬಂದದ್ರಿ ಯವ್ವಾ" ಎಂದ. ಆಕೆ ನಗಲಿಲ್ಲ. ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಆ ವರ್ಷ ನಾವೆಲ್ಲ ಮುಗ್ಗಿದ ಜೋಳದ ರೊಟ್ಟಿ ತಿಂದೆವು. ಮಾವ ಒಂದು ದಿನವೂ ಅದರ ರುಚಿಯ ಬಗ್ಗೆ ಚಕಾರವೆತ್ತಲಿಲ್ಲ. ಓಣಿಯ ಎದುರು ಹೆಂಡತಿಯ ಕೈಗೆ ಸಿಕ್ಕಿದ ಗಂಡಸು ಕೆಲಕಾಲ ಆಕೆಯೊಡನೆ ಮಾತು ಬಿಟ್ಟದ್ದೇನೋ ನಿಜ. ಆದರೆ ಸಂತೆಗೆ ಹೋದವರು ಹೊಸ ಕಂದೀಲು ಮತ್ತು ಹಗೇವಿನ ಎರಡರಷ್ಟು ಉದ್ದದ ಹಗ್ಗ ತಂದು, ಏನೂ ಹೇಳದೆ, ಅಡುಗೆಮನೆಯ ಬಾಗಿಲಲ್ಲಿಟ್ಟು ಹೋದರು. ಪ್ರೇಮಪತ್ರಗಳಲ್ಲಿ ನಾನಾ ವಿಧ. ಅಷ್ಟು ಉದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಕೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರದಿದ್ದ ಕಾರಣವನ್ನು ಅವ್ವ ನನಗೆ ಹೇಳಿದ್ದು ಕಲಬುರಗಿಗೆ ಮರಳುವಾಗ, ಬಸ್ಸಿನಲ್ಲಿ. ಅತ್ತಿಯ ತವರು ಆಳಂದದ ಕಡೆಯ ಒಂದು ಹಳ್ಳಿ. ಆಕೆಗೆ ಇಬ್ಬರು ಅಣ್ಣಂದಿರು. ಅತ್ತಿ ಇನ್ನೂ ಮದುವೆಯಾಗದ ಹುಡುಗಿಯಾಗಿದ್ದಾಗ ಅವರ ಮನೆಯ ಹಗೇವಿಗೆ ಹಿರಿಯವನು ಇಳಿದ, ಬೀಳುವುದನ್ನು ಕಂಡು ಎತ್ತಿಕೊಂಡು ಬರಲು ಕಿರಿಯವನು ಇಳಿದ. ಇಬ್ಬರೂ ಮೇಲೆ ಬರಲಿಲ್ಲ. "ಅಕಿ ಅಲ್ಲೇ ನಿಂತಿದ್ದಳಂತ. ಇದು ಅಕಿ ಮುಂದ ತಗೀಬ್ಯಾಡ" ಎಂದಳು ಅವ್ವ. ನಾವು ಯಾರೂ ತೆಗೆಯಲಿಲ್ಲ. ಆಕೆಯೂ ತೆಗೆಯಲಿಲ್ಲ. ಅವರ ಹೆಸರೇನು ಎಂಬುದು ಕೂಡ ನಮಗೆ ಗೊತ್ತಾಗಲಿಲ್ಲ.

ಕಾಲ ಸರಿಯಿತು. ಹಗೇವುಗಳು ಹೋದವು, ಗೋದಾಮು ಬಂತು, ಅಂಗಡಿಯ ಚೀಲದ ಜೋಳ ಬಂತು. ಅತ್ತಿ ಹಟ ಹಿಡಿದು ತಮ್ಮ ಹಗೇವಿಗೆ ಮುರುಮು ಮಣ್ಣು ತುಂಬಿಸಿ ಸಪಾಟು ಮಾಡಿಸಿದಳು. ಮಾವ ತೀರಿಕೊಂಡರು, ವಯಸ್ಸಾಗಿ, ಹಾಸಿಗೆಯ ಮೇಲೆ, ಕಿಟಕಿ ತೆರೆದ ಕೋಣೆಯಲ್ಲಿ. ನಾನು ನೌಕರಿ, ಸಂಸಾರ, ಪರೀಕ್ಷೆಯ ಉತ್ತರಪತ್ರಿಕೆಗಳ ನಡುವೆ ಬ್ರಹ್ಮಪುರದಲ್ಲಿ ನೆಲೆಯೂರಿದೆ. ಹಗೇವು ನನ್ನ ಪಾಲಿಗೆ ತರಗತಿಯ ಶ್ಲೇಷವಾಗಿ ಮಾತ್ರ ಉಳಿಯಿತು ಎಂದುಕೊಂಡಿದ್ದೆ. ಅದು ಹೆಸರು ಬದಲಿಸಿಕೊಂಡು ನನ್ನ ಮನೆಯ ಅಂಗಳಕ್ಕೇ ಬಂದೀತೆಂದು ಯಾರಿಗೆ ಗೊತ್ತಿತ್ತು?

ಕಳೆದ ಬೇಸಿಗೆಯಲ್ಲಿ ನಲ್ಲಿಯ ನೀರು ವಾರಗಟ್ಟಲೆ ಮುನಿಸಿಕೊಂಡಾಗ, ಗಿರಿಜಾಳ ಒತ್ತಾಯಕ್ಕೆ ಅಂಗಳದ ನೆಲದಡಿಯಲ್ಲಿ ದೊಡ್ಡದೊಂದು ನೀರಿನ ಟಾಕಿ ಕಟ್ಟಿಸಿದೆವು. ಕಟ್ಟಿದವನು ರೋಜಾ ಬಡಾವಣೆಯ ಗೌಂಡಿ ಮಹಿಬೂಬ, ನಮ್ಮ ಓಣಿಯ ಅರ್ಧ ಮನೆಗಳನ್ನು ಎತ್ತಿದ ನಿಷ್ಣಾತ. ಅವನ ಕೈಕೆಳಗೆ ದೇವಿಂದ್ರ ಮತ್ತು ಮಲ್ಲಪ್ಪ ಎಂಬ ಅಣ್ಣತಮ್ಮಂದಿರು. ಮೇಲಿನ ಸ್ಲ್ಯಾಬು ಹಾಕುವಾಗ ಅದಕ್ಕೆ ಆಧಾರವಾಗಿ ಟಾಕಿಯೊಳಗೆ ಹಲಗೆ, ಬಲ್ಲಿ ಎನ್ನುವ ಮರದ ಕಂಬಗಳನ್ನು ಕೊಟ್ಟು ಸೆಂಟ್ರಿಂಗ್ ಕಟ್ಟಿದ್ದರು. ಸಿಮೆಂಟು ಗಟ್ಟಿಯಾಗಲೆಂದು ಮೇಲೆ ನೀರು ನಿಲ್ಲಿಸಿ, ಮನುಷ್ಯ ಇಳಿಯುವಷ್ಟು ಬಿಟ್ಟಿದ್ದ ಕಿಂಡಿಗೆ ತಗಡು ಮುಚ್ಚಿ, ಅವರು ಬೇರೆ ಕೆಲಸಕ್ಕೆ ಹೋಗಿದ್ದರು. ಕೆಲವು ವಾರಗಳ ಮೇಲೆ ಒಂದು ಬೆಳಗ್ಗೆ, ಸೆಂಟ್ರಿಂಗ್ ಬಿಚ್ಚಲು ಬಂದರು.

ನಾನು ವರಾಂಡದಲ್ಲಿ ಚಹಾದ ಬಸಿ ಹಿಡಿದು, ಪತ್ರಿಕೆಯಲ್ಲಿನ ವ್ಯಾಕರಣದೋಷಗಳನ್ನು ಗುರುತಿಸುವ ನಿವೃತ್ತರ ರಾಷ್ಟ್ರೀಯ ಕರ್ತವ್ಯದಲ್ಲಿ ಮಗ್ನನಾಗಿದ್ದೆ. ದೇವಿಂದ್ರ ತಗಡು ಸರಿಸಿ, ಕಿಂಡಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟ. ನಲವತ್ತು ಬೆಂಚುಗಳ ಹಿಂದಿನ ಸಾಲಿಗೂ ಕೇಳುವಂತಹ ನನ್ನ ಹಳೆಯ ದನಿ ನನಗಿಂತ ಮೊದಲೇ ಎದ್ದು ನಿಂತಿತ್ತು.

"ತಡೀರಿ."

ದೇವಿಂದ್ರ ಹಾಗೆಯೇ ಕೂತ. ಮಹಿಬೂಬ ನನ್ನನ್ನು ನೋಡಿದ. "ಯಾಕ್ರಿ ಸರ್?"

"ಮೊದಲ ದೀಪ ಬಿಡೂಣು."

"ದೀಪಾ? ಸರ್, ಇದು ಹೊಸಾ ಟಾಕಿ. ಇನ್ನಾ ನೀರೂ ಬಿದ್ದಿಲ್ಲ. ಗಂದಾ ಇಲ್ಲ, ವಾಸ್ನಿ ಇಲ್ಲ. ಕುಛ್ ನೈ ಹೋತಾ, ಏನೂ ಆಗಂಗಿಲ್ಲ" ಎಂದು ಅವನು ಸಮಾಧಾನ ಹೇಳಿದ. ಮಲ್ಲಪ್ಪ ಮುಗುಳ್ನಕ್ಕ. ಮುದುಕ ಮಾಸ್ತರರಿಗೆ ಬಿಸಿಲು ತಲೆಗೇರಿದೆ ಎಂದು ಅವರಿಗೆ ಅನಿಸಿದ್ದರೆ ತಪ್ಪಿಲ್ಲ. ನನಗೂ ಒಳಗೊಳಗೆ ಹಾಗೆಯೇ ಅನಿಸುತ್ತಿತ್ತು. ಆದರೂ ಗಿರಿಜಾ, ಏನೂ ಕೇಳದೆ, ಒಂದು ಹಳೆಯ ಡಬ್ಬಿಯಲ್ಲಿ ಮೇಣದ ಬತ್ತಿ ನಿಲ್ಲಿಸಿ ತಂದಳು. ಮಹಿಬೂಬನೇ ಅದಕ್ಕೆ ಸರಳು ಬಿಗಿಯುವ ತಂತಿ ಕಟ್ಟಿಕೊಟ್ಟ. ಬತ್ತಿ ಹೊತ್ತಿಸಿ ಇಳಿಸಿದೆ. ಹಲಗೆಗಳ ನಡುವೆ ಬೆಳಕು ಇಳಿಯುತ್ತ ಹೋಗಿ, ತಳ ಮುಟ್ಟುವ ಮೊದಲೇ ಚಿಕ್ಕದಾಗಿ, ಆರಿತು.

"ಗಾಳಿಗಿ ಆರಿರಬೇಕ್ರಿ" ಎಂದ ದೇವಿಂದ್ರ. ಒಳಗೆ ಗಾಳಿ ಎಲ್ಲಿಂದ ಬರಬೇಕು? ಮತ್ತೆ ಹೊತ್ತಿಸಿ ಇಳಿಸಿದೆ. ಅದೇ ಜಾಗದಲ್ಲಿ ಆರಿತು. ಯಾರೂ ನಗಲಿಲ್ಲ. ದೇವಿಂದ್ರ ಮೆಲ್ಲನೆ ಒಂದೊಂದೇ ಕಾಲನ್ನು ಮೇಲೆಳೆದುಕೊಂಡು ಕಿಂಡಿಯಿಂದ ದೂರ ಸರಿದ. ಮಹಿಬೂಬ ತಲೆಯ ಮೇಲಿನ ಟೋಪಿ ತೆಗೆದು, ಬೆವರು ಒರೆಸಿ, ಮತ್ತೆ ಹಾಕಿಕೊಂಡ.

ಸಿಮೆಂಟು ಕಾರ್ಖಾನೆಯೊಂದರಲ್ಲಿ ಕಾರ್ಮಿಕರ ಸುರಕ್ಷತೆಯ ಕೆಲಸ ನೋಡುವ ನನ್ನ ತಂಗಿಯ ಮಗಳು ಪೂರ್ಣಿಮಾಳಿಗೆ ಫೋನು ಮಾಡಿದೆ. ಹಸಿ ಹಲಗೆಗಳು ಮುಚ್ಚಿದ ಜಾಗದಲ್ಲಿ ಕೊಳೆಯುತ್ತ ಪ್ರಾಣವಾಯುವನ್ನು ತಿಂದುಬಿಡುತ್ತವೆ, ಹೊಸ ಟಾಕಿಗಳಲ್ಲಿ ಹೀಗೆ ಎಷ್ಟೋ ಜೀವ ಹೋಗಿವೆ, ಒಬ್ಬನ ಹಿಂದೆ ಒಬ್ಬನಂತೆ, ಎಂದು ಅವಳು ವಿವರಿಸಿದಳು. ದೀಪದ ಉಪಾಯಕ್ಕೆ ಶಹಬ್ಬಾಸ್ ಎನ್ನುವಳೆಂದು ನಾನು ಕಾದೆ. "ಮಾಮಾ, ದೀಪ ಆರಿದ್ರ ನಂಬ್ರಿ. ಉರದ್ರ ಮಾತ್ರ ನಂಬಬ್ಯಾಡ್ರಿ. ಉರದರೂ ಒಳಗ ವಿಷ ಇರಬಹುದು. ಮತ್ತ ಸಂಡಾಸದ ಗುಂಡಿ ಕಡಿ ದೀಪ ತಗೊಂಡೇ ಹೋಗಬ್ಯಾಡ್ರಿ, ಅಲ್ಲಿ ಗಾಳಿನೇ ಹೊತ್ತಿಕೋತದ. ನಾ ಬರೂ ತನಕ ಯಾರನೂ ಇಳಸಬ್ಯಾಡ್ರಿ" ಎಂದಳು. ಅತ್ತಿಯ ಶಾಸ್ತ್ರಕ್ಕೆ ಇಷ್ಟು ಬೇಗ ಭಾಷ್ಯ ಬಂದೀತೆಂದು ನಾನು ಎಣಿಸಿರಲಿಲ್ಲ.

ಅಂದು ಪೂರ್ತಿ ಬಾಡಿಗೆಯ ದೊಡ್ಡ ಫ್ಯಾನಿಗೆ ಅಗಲವಾದ ಪ್ಲಾಸ್ಟಿಕ್ ಕೊಳವೆ ಕಟ್ಟಿ ಟಾಕಿಯ ತಳಕ್ಕೆ ಹೊರಗಿನ ಗಾಳಿ ಊದಿದೆವು. ಮರುದಿನ ಪೂರ್ಣಿಮಾ ಅಂಗೈಯಷ್ಟು ದೊಡ್ಡ ಯಂತ್ರವೊಂದನ್ನು ತಂದು, ದಾರ ಕಟ್ಟಿ, ಮೇಲೆ, ನಡುವೆ, ತಳದಲ್ಲಿ ಇಳಿಸಿ ಅಳೆದು, ತಲೆಯಾಡಿಸಿದ ಮೇಲೆಯೇ ದೇವಿಂದ್ರ ಇಳಿದದ್ದು. ಫ್ಯಾನು ಊದುತ್ತಲೇ ಇತ್ತು. ಅವನ ಎದೆಗೆ ಕಟ್ಟಿದ ಹಗ್ಗದ ತುದಿ ತಮ್ಮ ಮಲ್ಲಪ್ಪನ ಕೈಯಲ್ಲಿತ್ತು. ಸಂಜೆಯ ಹೊತ್ತಿಗೆ ಹಲಗೆಗಳೆಲ್ಲ ಹೊರಗೆ ಬಂದವು. ದೇವಿಂದ್ರ ಕೈಕಾಲು ತೊಳೆದು, ಗಿರಿಜಾ ಮಾಡಿದ ಪುಂಡಿಪಲ್ಯದಲ್ಲಿ ಉಪ್ಪು ಕಡಿಮೆಯಾಗಿದೆ ಎಂದು ದೂರಿ, ಎರಡು ರೊಟ್ಟಿ ಹೆಚ್ಚಿಗೆ ತಿಂದು, ತಮ್ಮನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಮನೆಗೆ ಹೋದ. ಇಷ್ಟೇ.

ಆ ವಾರವೆಲ್ಲ ನಾನು ಈ ಸಂಗತಿಯನ್ನು ಸ್ನೇಹಿತರಿಗೆ ಹೇಳಲು ಯತ್ನಿಸಿದೆ. ಎಲ್ಲರೂ ಕುತೂಹಲದಿಂದ ಕೇಳಿ, ಕೊನೆಗೆ "ಮುಂದೇನಾತ್ರಿ?" ಎನ್ನುತ್ತಿದ್ದರು. ಏನೂ ಆಗಲಿಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಆದ ಅನಾಹುತಕ್ಕೆ ಸುದ್ದಿಯುಂಟು, ಮೇಣದ ಬತ್ತಿಯ ಮೆರವಣಿಗೆಯುಂಟು. ಆಗದೆ ಹೋದದ್ದಕ್ಕೆ ಊರೂ ಇಲ್ಲ, ಹೆಸರೂ ಇಲ್ಲ. ನಮ್ಮ ಭಾಷೆ ಇದನ್ನು ಬಹಳ ಹಿಂದೆಯೇ ಬಲ್ಲದು ಎಂದು ತೋರುತ್ತದೆ. ತಡ ಮಾಡುವುದೂ ತಡೆಗಟ್ಟುವುದೂ ತಡೆದುಕೊಳ್ಳುವುದೂ ಒಂದೇ ಧಾತುವಿನ ಮಕ್ಕಳು. ತಡ ಮಾಡದೆ ತಡೆಗಟ್ಟಲಾಗುವುದಿಲ್ಲ. ಒಳಗೆ ಬಿದ್ದವನು ನಮ್ಮವನೇ ಆದಾಗ ತಡೆದುಕೊಳ್ಳುವಷ್ಟು ಕಷ್ಟದ್ದು ಯಾವುದೂ ಇಲ್ಲ. ನಾನು ಇಷ್ಟು ವರ್ಷ ವ್ಯಾಕರಣ ಕಲಿಸಿದೆ. ಈ ಪಾಠವನ್ನು ಮಾತ್ರ ಕಲಿತದ್ದು ಓಣಿಯವರೆಲ್ಲ ನಗುತ್ತಿದ್ದ ಒಬ್ಬ ಹೆಂಗಸಿನಿಂದ.

ಮುಂದಿನ ರವಿವಾರ ಕಮಲಾಪುರಕ್ಕೆ ಹೋದೆ. ಅತ್ತಿಗೆ ಈಗ ಎಂಬತ್ತು ದಾಟಿದೆ. ಬೆನ್ನು ಬಾಗಿದೆ, ಕಿವಿ ಚುರುಕು. ಮಗಳು ನೀಲಮ್ಮ, ಅಳಿಯ, ಮೊಮ್ಮಕ್ಕಳು, ಮರಿಮಗು, ಮೊಬೈಲು ರಿಪೇರಿಯ ಅಂಗಡಿ, ಹೊಲಿಗೆಯಂತ್ರ, ಎಲ್ಲ ಸೇರಿ ಆ ಮನೆಯಲ್ಲಿ ಮಾತಾಡಬೇಕಾದರೆ ಸರತಿ ಹಿಡಿಯಬೇಕು. ನಾನು ಅಂಗಳದ ಬೇವಿನ ನೆರಳಿನಲ್ಲಿ ಆಕೆಯ ಹತ್ತಿರ ಕೂತು, ಟಾಕಿಯ ಸಂಗತಿಯನ್ನು ಮೊದಲಿನಿಂದ ಹೇಳಿದೆ. ಬತ್ತಿ ಆರಿದ್ದು, ಮತ್ತೆ ಆರಿದ್ದು, ಪೂರ್ಣಿಮಾ ಬಂದದ್ದು. ಆಕೆ ಮಾತ್ರ 'ಮುಂದೇನಾತು' ಎಂದು ಕೇಳಲಿಲ್ಲ.

"ಆ ಇಳೀಲಾಕತ್ತಿದ್ನಲ್ಲ, ಅವಗ ಅಣತಮ್ಮರು ಅದಾರೇನು?" ಎಂದು ಕೇಳಿದಳು.

"ಅದಾನತ್ತಿ, ತಮ್ಮ. ಅಲ್ಲೇ ನಿಂತಿದ್ದ. ಅವನೇ ಹಗ್ಗ ಹಿಡದಿದ್ದ."

ಅತ್ತಿ ಸೆರಗನ್ನು ಮೊಣಕಾಲ ಮೇಲೆ ಸರಿಪಡಿಸಿಕೊಂಡಳು. ನಾನು ಹೇಳಬಾರದ್ದನ್ನು ಹೇಳಿದೆನೇನೋ ಎಂದು ಅಳುಕುತ್ತಿರುವಾಗ, ಎದುರಿನ ಗೋಡೆಯನ್ನು ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಮಾತಾಡಿದಳು.

"ನಮ್ಮ ದೊಡ್ಡಣ್ಣನ ಹೆಸರು ಗುರಪ್ಪ. ಸಣ್ಣಂವ ಸಿದ್ದಪ್ಪ. ಗುರಣ್ಣ ಎಲ್ಲಿ ಹ್ವಾದರೂ ಸಿದ್ದಣ್ಣ ಹಿಂದೇ. ಬೈದ್ರೂ ಬಿಡ್ತಿದ್ದಿಲ್ಲ. ಹೊಲಕ್ಕ ಹ್ವಾದ್ರ ಹೊಲಕ್ಕ, ಬಾವಿಗಿ ಹ್ವಾದ್ರ ಬಾವಿಗಿ."

ನೀಲಮ್ಮ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಾಗಿಲಿಗೆ ಬಂದು ನಿಂತಿದ್ದಳು. ತನ್ನ ಸೋದರಮಾವಂದಿರ ಹೆಸರನ್ನು ತಾಯಿಯ ಬಾಯಿಂದ ಆಕೆ ಕೇಳುತ್ತಿದ್ದದ್ದು ಅದೇ ಮೊದಲು. ಅಂಗಳದ ಅಂಚಿನಲ್ಲಿ ಮೊಮ್ಮಗಳು ತುಳಿಯುತ್ತಿದ್ದ ಹೊಲಿಗೆಯಂತ್ರದ ಸದ್ದು ನಿಂತಿತು. ಅತ್ತಿ ಮುಂದುವರಿಸಿದಳು. ಗುರಣ್ಣನಿಗೆ ಹಾಡಿನ ಹುಚ್ಚು, ದನಿ ಮಾತ್ರ ಕೇಳಬಾರದು. ಸಿದ್ದಣ್ಣ ಅದಕ್ಕೆ ಹಲಗೆ ಬಾರಿಸುತ್ತಿದ್ದ. ಇಬ್ಬರೂ ಸೇರಿ ಪಕ್ಕದ ಹೊಲದ ಬಾರಿಹಣ್ಣಿಗೆ ಕೈ ಹಾಕಿ, ಮುಳ್ಳು ತರಚಿಕೊಂಡು ಬಂದು, ಬೆಕ್ಕು ಪರಚಿತು ಎಂದು ಅವ್ವನಿಗೆ ಹೇಳಿದ್ದರಂತೆ. ಮನೆಯಲ್ಲಿ ಬೆಕ್ಕೇ ಇರಲಿಲ್ಲವಂತೆ. ಹೇಳುತ್ತ ಹೇಳುತ್ತ ಅತ್ತಿಗೆ ನಗು ಬಂತು. ಹೆಗಲು ಕುಲುಕುವ, ಸದ್ದಿಲ್ಲದ ಆ ನಗೆಯನ್ನು ನಾನು ನನ್ನ ಬಾಲ್ಯದಲ್ಲೂ ಕಂಡಿರಲಿಲ್ಲ. ಯಾರೋ ಚಹಾ ತಂದಿಟ್ಟರು. ಅದು ಆರಿಹೋಯಿತು. ಮತ್ತೊಮ್ಮೆ ತಂದರು.

"ಸಿದ್ದಪ್ಪ ಮಾಮಾ ನೋಡ್ಲಾಕ ಯಾರಂಗ ಇದ್ದನವ್ವಾ?" ಎಂದು ನೀಲಮ್ಮ ಬಾಗಿಲಿನಿಂದಲೇ ಕೇಳಿದಳು.

ಅತ್ತಿ ಅಂಗಳದಲ್ಲಿ ಕೂತವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದಳು. ನನ್ನನ್ನು ದಾಟಿದಳು, ಅಂಗಡಿಯಿಂದ ಎದ್ದು ಬಂದಿದ್ದ ಮೊಮ್ಮಗನ ಮುಖವನ್ನು ತುಸು ಹೊತ್ತು ನೋಡಿ ಅವನನ್ನೂ ದಾಟಿದಳು. ಕೊನೆಗೆ ಆಕೆಯ ಕಣ್ಣು ಹೊಲಿಗೆಯಂತ್ರದ ಹಿಂದೆ ಕೂತಿದ್ದ ಮೊಮ್ಮಗಳ ಮೇಲೆ ನಿಂತಿತು.

"ಇಕಿ" ಎಂದಳು. "ಇಕಿ ನಕ್ರ, ಅಂವನೇ."

ಹುಡುಗಿ ನಗಬೇಕೋ ಅಳಬೇಕೋ ತಿಳಿಯದೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತ ಕಾದೆವು.